ಮುಳಶಿಯ ಹನ್ನೊಂದು ಎಕರೆ: ಗಿಡ ನೆಟ್ಟರೆ ಅನುದಾನ, ಅಡವಿ ಉಳಿಸಿದರೆ ಏನು?

ಪುಣೆಯಿಂದ ಪಶ್ಚಿಮಕ್ಕೆ, ಮುಳಶಿ ಅಣೆಕಟ್ಟಿನ ಹಿನ್ನೀರಿನ ಅಂಚು ಹಿಡಿದು ತಾಮ್ಹಿಣಿ ಘಾಟಿನ ಕಡೆ ಹೋದರೆ, ರಸ್ತೆಯಿಂದ ಸ್ವಲ್ಪ ಒಳಗೆ ಗುಡ್ಡದ ಇಳಿಜಾರಿನಲ್ಲಿ ಹನ್ನೊಂದು ಎಕರೆ ಜಮೀನಿದೆ. ಹೆಕ್ಟೇರಿನ ಲೆಕ್ಕದಲ್ಲಿ ಸುಮಾರು ನಾಲ್ಕೂವರೆ. ಕೆಳಗಿನ ಮೂರು ಎಕರೆ ಒಂದು ಕಾಲದ ಭತ್ತದ ಗದ್ದೆ, ಈಗ ಪಾಳು. ಮೇಲಿನ ಎಂಟು ಎಕರೆ ದಟ್ಟ ಅಡವಿ. ಒಡೆಯರು ಮೂವರು ಒಡಹುಟ್ಟಿದವರು, ಮನೆಮಾತು ಕನ್ನಡ. ಹಿರಿಯಣ್ಣ ಪುಣೆಯ ಕೋಥ್ರೂಡಿನಲ್ಲಿ, ತಂಗಿ ಮುಂಬೈಯ ಮುಲುಂಡಿನಲ್ಲಿ, ಕಿರಿಯ ತಮ್ಮ ಹುಬ್ಬಳ್ಳಿಯಲ್ಲಿ. ತಮ್ಮ ಹೆಸರು ಬೇಡವೆಂದಿದ್ದಾರೆ. ಹಿರಿಯರನ್ನು ರಾಯರು ಎಂದು ಕರೆಯುತ್ತೇನೆ, ಉಳಿದಿಬ್ಬರು ತಂಗಿ ಮತ್ತು ತಮ್ಮ.

ತಂದೆ ತೀರಿಕೊಂಡ ಮೇಲೆ ಸಾತ್‌ಬಾರಾದಲ್ಲಿ, ಅಂದರೆ ನಮ್ಮ ಕಡೆಯ ಪಹಣಿಯಲ್ಲಿ, ಮೂವರ ಹೆಸರು ಏರಿತು. ಎಂಟು ಎಕರೆ ಅಡವಿಯನ್ನು ಏನು ಮಾಡುವುದು ಎಂಬ ಮಾತು ಆಗ ಎದ್ದಿತು. ಸಹಕಾರಿ ಬ್ಯಾಂಕಿನಲ್ಲಿ ಕೃಷಿ ಸಾಲದ ಕಾಗದ ನೋಡುತ್ತಿದ್ದವನು ಎಂಬ ಕಾರಣಕ್ಕೆ ರಾಯರು ನನ್ನನ್ನು ಕರೆದರು. ಯಾವುದಾದರೂ ಸರ್ಕಾರಿ ಯೋಜನೆಯಲ್ಲಿ ಈ ಅಡವಿಗೆ ಒಂದಿಷ್ಟು ಹಣ ಬರುವ ದಾರಿ ಇದೆಯೇ ನೋಡಿ ಎಂದದ್ದು ಅವರೇ. ನೋಡಿದೆ. ಕಂಡದ್ದನ್ನು ಇಲ್ಲಿ ಬರೆದಿದ್ದೇನೆ. ಘಟ್ಟದ ಈಚೆ ಆಚೆ ಇಂಥ ಜಮೀನು ಇಟ್ಟುಕೊಂಡು ಇದೇ ಪ್ರಶ್ನೆ ಕೇಳುತ್ತಿರುವ ಕನ್ನಡದ ಮನೆಗಳು ಇನ್ನೂ ಇವೆ.

ಅಡವಿ ಬೆಳೆದ ಬಗೆ

ತಂದೆ ಬಾಗಲಕೋಟೆ ಕಡೆಯವರು, ಖಡ್ಕಿಯ ಮದ್ದುಗುಂಡು ಕಾರ್ಖಾನೆಯಲ್ಲಿ ನೌಕರಿ ಮಾಡಿದವರು. ಬೇಸಾಯಗಾರರಲ್ಲದವರು ಮಹಾರಾಷ್ಟ್ರದಲ್ಲಿ ಹೊಲ ಕೊಳ್ಳಲು 1948ರ ಗೇಣಿ ಕಾಯ್ದೆ ಬಿಡುವುದಿಲ್ಲ. ಊರಲ್ಲಿ ಪಿತ್ರಾರ್ಜಿತ ಹೊಲ ಇದ್ದದ್ದರಿಂದ ಅವರಿಗೆ ಆ ತೊಡಕಾಗಲಿಲ್ಲ. ಎಂಬತ್ತರ ದಶಕದಲ್ಲಿ ಕೊಂಡಾಗ ಗುಡ್ಡ ಬೋಳಾಗಿತ್ತು. ಸೌದೆಗೆ, ಇದ್ದಿಲಿಗೆ ಕಡಿದು ಕಡಿದು ಬುಡಗಳಷ್ಟೇ ಉಳಿದಿದ್ದವು. ಅವರು ಅಲ್ಲಿ ಒಂದು ಸಸಿಯನ್ನೂ ನೆಡಲಿಲ್ಲ. ದನ ಒಳಗೆ ಬರದಂತೆ ಕಲ್ಲಿನ ಅಡ್ಡಗೋಡೆ ಹಾಕಿಸಿದರು. ಪ್ರತಿ ವರ್ಷ ಸಂಕ್ರಾಂತಿ ಕಳೆದ ಮೇಲೆ ಅಂಚಿನ ಹುಲ್ಲು ಸವರಿಸಿ ಜಾಳರೇಷೆ, ಅಂದರೆ ಬೆಂಕಿ ದಾಟದ ಪಟ್ಟಿ, ಮಾಡಿಸಿದರು. ಕೊಡಲಿ ಹಿಡಿದು ಬಂದವರನ್ನು ಮಾತಾಡಿಸಿ ಹಿಂದೆ ಕಳಿಸಿದರು. ಇಷ್ಟೇ ಅವರ ಕೆಲಸ.

ಸಹ್ಯಾದ್ರಿಯ ಮಳೆಗಾಡಿಗೆ ಅಷ್ಟು ಸಾಕಾಗುತ್ತದೆ. ಕಡಿದ ಬುಡದ ಬೇರು ಸತ್ತಿರದಿದ್ದರೆ ಅದೇ ಚಿಗುರುತ್ತದೆ, ನೆಟ್ಟ ಸಸಿಗಿಂತ ಬೇಗ ಏಳುತ್ತದೆ, ಏಕೆಂದರೆ ನೆಲದೊಳಗಿನ ಬೇರಿಗೆ ಹತ್ತಾರು ವರ್ಷದ ವಯಸ್ಸಿರುತ್ತದೆ. ಮತ್ತಿ, ನೇರಳೆ, ಅಳಲೆ, ತಾರೆ ಹೀಗೆಯೇ ಎದ್ದವು. ಅವುಗಳ ಕೆಳಗೆ ಕಾರವಿ ಪೊದೆ ತುಂಬಿಕೊಂಡಿತು. ಈಗ ಮಧ್ಯಾಹ್ನ ಹನ್ನೆರಡಕ್ಕೂ ನೆಲಕ್ಕೆ ಬಿಸಿಲು ಬೀಳದ ಜಾಗಗಳಿವೆ. ಕೆಂಜಳಿಲು ಗೂಡು ಕಟ್ಟುತ್ತದೆ. ಮರಾಠಿಯಲ್ಲಿ ಅದು ಶೇಕರು, ಮಹಾರಾಷ್ಟ್ರದ ರಾಜ್ಯ ಪ್ರಾಣಿ. ಅದಕ್ಕೆ ಒಂದು ಮರದಿಂದ ಇನ್ನೊಂದಕ್ಕೆ ನೆಲ ಮುಟ್ಟದೆ ಹೋಗಲು ಕೊಂಬೆಗಳು ಕೂಡಿರಬೇಕು. ಹೀಗಾಗಿ ಶೇಕರು ನೆಲೆಸಿದೆ ಎಂದರೆ ಎಲೆ ಹಂದರ ಕೂಡಿಕೊಂಡಿದೆ ಎಂದೇ ತಿಳಿಯಬೇಕು. ಕೆಳಗಿನ ವಾಡಿಯ, ಅಂದರೆ ಪುಟ್ಟ ಹಳ್ಳಿಯ, ಬಾವಿಗೆ ಹೋಗುವ ಝರಿ ಹೋಳಿ ಹುಣ್ಣಿಮೆವರೆಗೂ ಹರಿಯುತ್ತದೆ ಎಂದು ಅಲ್ಲಿಯವರು ಹೇಳುತ್ತಾರೆ. ಮೊದಲು ದೀಪಾವಳಿ ದಾಟುತ್ತಿದ್ದಂತೆ ಬತ್ತುತ್ತಿತ್ತಂತೆ. ವಾಡಿಯ ಕಾತಕರಿ ಆದಿವಾಸಿ ಹೆಂಗಸೊಬ್ಬರು ಅಡವಿಯ ಕಾವಲು ನೋಡಿಕೊಳ್ಳುತ್ತಾರೆ. ಎಲ್ಲರಿಗೂ ಅವರು ಮಾವಶಿ. ಅಳಲೆಕಾಯಿ, ಕವಳಿ ಹಣ್ಣು ಅವರಿಗೇ ಬಿಟ್ಟದ್ದು, ಮೇಲೆ ತಿಂಗಳಿಗೆ ಒಂದಿಷ್ಟು ಹಣ. ಆ ಹಣ, ಹುಲ್ಲು ಸವರುವವರ ಕೂಲಿ, ಗಡಿಯ ಮೋಜಣಿ, ತಲಾಠಿ (ಗ್ರಾಮ ಲೆಕ್ಕಿಗ) ಕಚೇರಿಯ ಓಡಾಟ ಎಲ್ಲ ಇಷ್ಟು ವರ್ಷ ತಂದೆಯ ಪಿಂಚಣಿಯಿಂದ ಹೋಗುತ್ತಿತ್ತು.

ಅಡವಿ ತಾನಾಗಿ ಉಳಿದಿದೆ ಎಂದು ಹೊರಗಿನವರಿಗೆ ಕಾಣುತ್ತದೆ. ಅದರ ಹಿಂದೆ ವರ್ಷವರ್ಷದ ಖರ್ಚಿತ್ತು. ಯಾವ ಅರ್ಜಿಯ ಯಾವ ಅಂಕಣದಲ್ಲೂ ಅದನ್ನು ಬರೆಯಲು ಜಾಗವಿಲ್ಲ.

ಮೂರು ಕಡೆಯಿಂದ ಬಂದ ಹಣ

ಹೆಸರು ಬದಲಾದ ಸುದ್ದಿ ಹಬ್ಬುತ್ತಿದ್ದಂತೆ ಮೊದಲು ಬಂದವನು ಮರದ ಗುತ್ತಿಗೆದಾರ. ನಿಂತ ಅಡವಿಗೆ ಒಟ್ಟಾರೆ ಇಷ್ಟು ಎಂದು ಕೊಡುತ್ತೇನೆ, ಪರವಾನಗಿ ನನ್ನ ಹೊಣೆ ಎಂದ. 1964ರ ಮಹಾರಾಷ್ಟ್ರ ಮರ ಕಡಿತ ನಿಯಂತ್ರಣ ಕಾಯ್ದೆಯ ಪಟ್ಟಿಯಲ್ಲಿ ಅಳಲೆ, ಮತ್ತಿ, ನೇರಳೆ ಮೂರೂ ಇವೆ. ತನ್ನ ಸ್ವಂತ ಜಮೀನಿನದ್ದಾದರೂ ಅನುಮತಿ ಇಲ್ಲದೆ ಇವನ್ನು ಕಡಿಯುವಂತಿಲ್ಲ. ಅವನು ಹೇಳಿದ ಮೊತ್ತವನ್ನು ಎಂಟು ಎಕರೆಗೆ, ನಲವತ್ತು ವರ್ಷಕ್ಕೆ ಹಂಚಿ ನೋಡಿದಾಗ ರಾಯರಿಗೆ ನಾಚಿಕೆಯೇ ಆಯಿತು.

ಎರಡನೆಯವನು ಪ್ಲಾಟಿನ ದಲ್ಲಾಳಿ. ಗುಡ್ಡ ಕೊರೆದು, ಮಟ್ಟ ಮಾಡಿ, ಫಾರ್ಮ್‌ಹೌಸಿಗೆ ಗುಂಟೆ ಲೆಕ್ಕದಲ್ಲಿ ಮಾರುವವರ ಪರವಾಗಿ ಬಂದಿದ್ದ. ಮುಳಶಿ ಭಾಗದಲ್ಲಿ ಓಡಾಡಿದವರಿಗೆ ಇದು ಹೊಸದಲ್ಲ, ರಸ್ತೆಯುದ್ದಕ್ಕೂ ಫಲಕಗಳಿವೆ. ಇವನು ಹೇಳಿದ ಬೆಲೆ ದೊಡ್ಡದು, ಮೂವರ ಸಂಸಾರಕ್ಕೂ ಒಂದು ಆಧಾರವಾಗುವಷ್ಟು.

ಮೂರನೆಯದು ಸರ್ಕಾರದ್ದು. ಊರಿನ ಕೃಷಿ ಸಹಾಯಕರು ಒಳ್ಳೆಯ ಮನುಷ್ಯ, ತಿಳಿದವರು. ಭಾವುಸಾಹೇಬ್ ಫುಂಡ್ಕರ್ ಫಳಬಾಗ್ ಲಾಗವಡ್ ಯೋಜನೆಯ ಕಾಗದ ತಂದು ಕೊಟ್ಟರು. ಹಣ್ಣಿನ ತೋಟ ಹಾಕಲು ಮಹಾರಾಷ್ಟ್ರ ಸರ್ಕಾರ 2018ರಲ್ಲಿ ಶುರು ಮಾಡಿದ ಯೋಜನೆ ಇದು. ಉದ್ಯೋಗ ಖಾತರಿಯ ಹಣ್ಣಿನ ತೋಟ ಯೋಜನೆಗೆ ಅರ್ಹರಲ್ಲದ ರೈತರಿಗೆಂದು ಮಾಡಿದ್ದು. ಕೊಂಕಣ ವಿಭಾಗದಲ್ಲಿ 10 ಹೆಕ್ಟೇರ್‌ವರೆಗೆ, ಪುಣೆಯಂಥ ಉಳಿದ ಜಿಲ್ಲೆಗಳಲ್ಲಿ 6 ಹೆಕ್ಟೇರ್‌ವರೆಗೆ ಮಾವು, ಗೇರು, ಹಲಸು, ಕೋಕಮ್, ನೇರಳೆ ಮುಂತಾದವಕ್ಕೆ ಅನುದಾನ. ಹಣ ಮೂರು ವರ್ಷದಲ್ಲಿ ಶೇ. 50, 30, 20ರಂತೆ ಬರುತ್ತದೆ. ಮೊದಲ ವರ್ಷ ಶೇ. 80, ಎರಡನೆಯ ವರ್ಷ ಶೇ. 90 ಸಸಿ ಬದುಕಿರಬೇಕು.

ಯೋಜನೆಯಲ್ಲಿ ತಪ್ಪು ಹುಡುಕುವ ಹಾಗಿಲ್ಲ. ಬರಡು ಹೊಲದವರಿಗೆ ಇದು ನಿಜಕ್ಕೂ ಆಸರೆ, ಬದುಕಿದ ಸಸಿಗೇ ಹಣ ಎಂಬ ನಿಯಮವೂ ಸರಿಯಾದದ್ದು. ಆದರೆ ಈ ಜಮೀನಿಗೆ ಅದನ್ನು ಹೊಂದಿಸಿ ನೋಡಿ. ಮೇಲಿನ ಎಂಟು ಎಕರೆ ದಾಖಲೆಯಲ್ಲಿ ಪೋಟ್ ಖರಾಬ, ಬೇಸಾಯಕ್ಕೆ ಬಾರದ ನೆಲ. ಬೆಳೆಯ ಅಂಕಣ ಖಾಲಿ. ಅಡವಿ ನಿಂತಿರುವವರೆಗೆ ಅಲ್ಲಿ ಸರ್ಕಾರದ ಕಣ್ಣಿಗೆ ಏನೂ ಇಲ್ಲ. ಅದನ್ನು ಬೋಳಿಸಿ, ಬೇಸಾಯದ ನೆಲವೆಂದು ಬರೆಸಿ, ಗುಂಡಿ ತೋಡಿದರೆ ಆ ಗುಂಡಿಗಳಿಗೆ ಮೂರು ವರ್ಷ ಹಣ ಬರುತ್ತದೆ. ತಾನಾಗಿ ಎದ್ದು ನಿಂತ ಹಳೆಯ ನೇರಳೆಗೆ ಏನೂ ಇಲ್ಲ, ಅದನ್ನು ಉರುಳಿಸಿ ಅದೇ ಜಾಗದಲ್ಲಿ ನೆಟ್ಟ ನೇರಳೆ ಸಸಿಗೆ ಅನುದಾನ ಇದೆ. ಇದು ನನಗೆ ಸಂಕಟ ತಂದಿತು. ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಯೋಜನೆ ಬರೆಯುವಾಗ ಎದುರಿಗೆ ಬೋಳು ಹೊಲ ಇಟ್ಟುಕೊಂಡು ಬರೆದಿದ್ದಾರೆ, ಅಡವಿ ಇರುವ ರೈತ ಅವರ ಎದುರಿಗೆ ಬಂದೇ ಇಲ್ಲ.

ಕೋಥ್ರೂಡಿನ ಮನೆಯಲ್ಲಿ ಮೂವರೂ ಕೂತಾಗ ನಡೆದ ಮಾತು ಹೀಗಿತ್ತು. ತಮ್ಮ ಮುಚ್ಚುಮರೆ ಇಲ್ಲದೆ ಹೇಳಿದ: “ಅಣ್ಣಾ, ಗಿಡಾ ನೋಡ್ಕೋತ ಕುಂತ್ರ ಹುಡುಗಿ ಕಾಲೇಜ್ ಫೀ ಯಾರ್ ತುಂಬತಾರ? ನಿಮಗಿಬ್ಬರಿಗೂ ನಡೀತದ, ನನಗ ನಡೆಯಂಗಿಲ್ಲ.” ತಂಗಿ ಅಂದಳು: “ಅಪ್ಪ ಇರೂತನಾ ಒಂದ್ ಟೊಂಗಿ ಮುಟ್ಟಲಿಕ್ಕೆ ಬಿಟ್ಟಿಲ್ಲೋ. ಅವರು ಹೋದಕೂಡ್ಲೆ ನಾವು ಕಡಿಸೋದಂದ್ರ?” ರಾಯರು ಇಬ್ಬರಿಗೂ ಹೌದೆನ್ನುತ್ತಿದ್ದರು. ಮಗಳ ಓದಿಗೆ ಹಣ ಬೇಕೆನ್ನುವ ತಂದೆಗೆ ಪರಿಸರದ ಉಪದೇಶ ಮಾಡುವ ಅಧಿಕಾರ ಯಾರಿಗೂ ಇಲ್ಲ ಎಂದು ನಾನು ನಂಬಿದ್ದೇನೆ. ಅವನ ಪಾಲಿನ ಅಡವಿಯಿಂದ ಬಾವಿಗೆ ನೀರು ಬಂದದ್ದು ಕೆಳಗಿನ ವಾಡಿಗೆ, ತಂಪು ಸಿಕ್ಕದ್ದು ಊರಿಗೆ. ನಷ್ಟ ಮಾತ್ರ ಅವನೊಬ್ಬನದೇ ಆಗಬೇಕೆನ್ನುವುದು ನ್ಯಾಯವಲ್ಲ.

ಬೇರೆ ಬಾಗಿಲುಗಳು

“ನಮ್ಮ ಕಡೆ ಗಿಡಕ್ಕ ರೊಕ್ಕ ಕೊಡತಾರಲ್ಲ” ಎಂದು ತಮ್ಮನೇ ನೆನಪಿಸಿದ. ಅವನು ಹೇಳಿದ್ದು ಕರ್ನಾಟಕ ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ, 2011-12ರಲ್ಲಿ ಆರಂಭವಾದದ್ದು. ಇಲಾಖೆಯ ಸಸ್ಯಕ್ಷೇತ್ರದಿಂದ ಕಡಿಮೆ ಬೆಲೆಗೆ ಸಸಿ ತಂದು ಹೊಲದಲ್ಲಿ ನೆಟ್ಟರೆ, ಬದುಕಿದ ಪ್ರತಿ ಸಸಿಗೆ ಮೊದಲ ವರ್ಷದ ಕೊನೆಗೆ 35, ಎರಡನೆಯ ವರ್ಷ 40, ಮೂರನೆಯ ವರ್ಷ 50 ರೂಪಾಯಿ, ಒಟ್ಟು 125. ಶುರುವಿನಲ್ಲಿ ಇದು ಇನ್ನೂ ಕಡಿಮೆ ಇತ್ತು, ಆಮೇಲೆ ಏರಿಸಿದರು. 400 ಸಸಿ ಉಳಿಸಿಕೊಂಡವರಿಗೆ ಮೂರು ವರ್ಷಕ್ಕೆ 50,000 ರೂಪಾಯಿ. ಬದುವಿನ ಮೇಲೆ ಹೆಬ್ಬೇವು, ತೇಗ ನೆಟ್ಟು ಇದನ್ನು ಪಡೆದವರನ್ನು ನಾನು ಬಲ್ಲೆ. ಆದರೆ ಅದೂ ನೆಟ್ಟ ಸಸಿಗೇ, ಅದೂ ಮೂರೇ ವರ್ಷ, ಅದೂ ಗಡಿಯ ಆಚೆ.

ಕೇಂದ್ರದ ಹಸಿರು ಕ್ರೆಡಿಟ್ ಕಾರ್ಯಕ್ರಮದ ಮೇಲೆ ತಂಗಿಗೆ ಹೆಚ್ಚು ಆಸೆ ಇತ್ತು. ಮುಂಬೈಯಲ್ಲಿ ಅದರ ಮಾತು ಜೋರಾಗಿತ್ತು. 2023ರ ಅಕ್ಟೋಬರಿನಲ್ಲಿ ನಿಯಮ ಬಂತು, 2024ರ ಫೆಬ್ರವರಿಯಲ್ಲಿ ಗಿಡ ನೆಡುವ ಭಾಗದ ವಿಧಾನ ಪ್ರಕಟವಾಯಿತು. ಅರಣ್ಯ ಇಲಾಖೆಯ ಕೈಯಲ್ಲಿರುವ, ಹಾಳಾದ ನೆಲದಲ್ಲಿ ಹೆಕ್ಟೇರಿಗೆ ಕನಿಷ್ಠ 1,100ರಂತೆ ಗಿಡ ಬೆಳೆಸಲು ಹಣ ಹಾಕಿದವರಿಗೆ ಗಿಡಕ್ಕೊಂದು ಕ್ರೆಡಿಟ್, ಅಂದರೆ ಸರ್ಕಾರ ಲೆಕ್ಕ ಬರೆದುಕೊಡುವ ಅಂಕ. 2025ರ ಆಗಸ್ಟಿನಲ್ಲಿ ತಿದ್ದಿ, ಐದು ವರ್ಷ ಸಾಕಿ ಕನಿಷ್ಠ ಶೇ. 40 ಎಲೆ ಹಂದರ ಬಂದ ಮೇಲೆಯೇ ಕ್ರೆಡಿಟ್ ಎಂದರು. ಇದು ಒಳ್ಳೆಯ ತಿದ್ದುಪಡಿ, ಏಕೆಂದರೆ ಗುಂಡಿಯ ಎಣಿಕೆಯಿಂದ ಹಂದರದ ಅಳತೆಗೆ ಬಂತು. ರಾಯರ ಅಡವಿಯಲ್ಲಿ ಆ ಹಂದರ ಆಗಲೇ ಇದೆ. ಆದರೆ ಅದು ಇಲಾಖೆಯ ನೆಲವಲ್ಲ, ಹಾಳಾದದ್ದೂ ಅಲ್ಲ. ಎರಡು ಕಾರಣಕ್ಕೂ ಹೊರಗೆ.

ಕಾಡು ಹಿಡಿದಿಟ್ಟ ಇಂಗಾಲಕ್ಕೆ ಹಣ ಕೊಡುವ ಇಂಗಾಲದ ಮಾರುಕಟ್ಟೆಯ ಬಾಗಿಲಲ್ಲೂ ಇಂಥದೇ ತೊಡಕು. ನೀವು ಹಣ ಪಡೆಯದೆ ಇದ್ದಿದ್ದರೆ ಈ ಕಾಡು ಹೋಗುತ್ತಿತ್ತೇ ಎಂದು ಅದು ಕೇಳುತ್ತದೆ. ಹೋಗುತ್ತಿರಲಿಲ್ಲ, ನಾವೇ ಕಾಯುತ್ತಿದ್ದೆವು ಎಂದರೆ ಕ್ರೆಡಿಟ್ ಇಲ್ಲ. ಹಾಗಾಗಿ ಪ್ರಾಮಾಣಿಕವಾಗಿ ಕಾದವರು ಅಲ್ಲೂ ಬರಿಗೈ. ಅಳತೆ, ಪರಿಶೀಲನೆ, ನೋಂದಣಿಯ ಖರ್ಚು ಎಂಟು ಎಕರೆಯವರ ಕೈಗೆ ಎಟುಕುವುದೂ ಅಲ್ಲ.

ತೆರಿಗೆಯ ಕಡೆಯೂ ಒಂದು ಮಾತು ಹೇಳಬೇಕು. ಉತ್ತು, ಬಿತ್ತು, ನೆಟ್ಟು ನೆಲದ ಮೇಲೆ ಮೂಲ ದುಡಿಮೆ ಮಾಡಿದ್ದರೇ ಅದು ಬೇಸಾಯ ಎಂದು ಸುಪ್ರೀಂ ಕೋರ್ಟು 1957ರಲ್ಲಿ ತೀರ್ಪು ಕೊಟ್ಟಿದೆ. ಬೇಸಾಯದ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ತಾನಾಗಿ ಬೆಳೆದ ಮರದಿಂದ ಬಂದ ಆದಾಯಕ್ಕೆ ಆ ವಿನಾಯಿತಿ ಸಿಗುವುದು ಕಷ್ಟ. ಬೆಂಕಿಯಿಂದ, ಕೊಡಲಿಯಿಂದ ಕಾಯ್ದುಕೊಂಡ ನಲವತ್ತು ವರ್ಷ ಆ ಅರ್ಥದಲ್ಲಿ ದುಡಿಮೆಯಾಗಿ ನಿಲ್ಲುವುದಿಲ್ಲ.

ಇದೇ ಜಿಲ್ಲೆಯ ಅಂಬೇಗಾಂವ್, ಜುನ್ನರ್ ತಾಲೂಕುಗಳ ಅಳಲೆ ಮರಗಳ ಕತೆಯನ್ನು ಇಲ್ಲಿ ಹೇಳದೆ ಹೋಗಲಾರೆ. ಅಲ್ಲಿನ ಮಹಾದೇವ ಕೋಳಿ ಆದಿವಾಸಿ ಮನೆಗಳಿಗೆ ಎಳೆಯ ಅಳಲೆಕಾಯಿ, ಅವರ ಮಾತಿನ ಬಾಳಹಿರಡಾ, ವರ್ಷದ ನಗದು ಕಾಣಿಸುವ ಬೆಳೆ. 2020ರ ಜೂನ್ 3ರಂದು ನಿಸರ್ಗ ಚಂಡಮಾರುತ ಬೀಸಿದಾಗ ಮರಗಳು ಬಿದ್ದವು, ಕಾಯಿ ಉದುರಿತು. ಮಾವಿನ ತೋಟದವರಿಗೆ ಪರಿಹಾರದ ನಿಯಮ ಇತ್ತು, ಹಿರಡಾಕ್ಕೆ ಇರಲಿಲ್ಲ, ಅದು ಯಾರೂ ನೆಟ್ಟ ತೋಟವಲ್ಲವಲ್ಲ. ಕಿಸಾನ್ ಸಭಾದ ಜೊತೆ ಆ ಜನ ವರ್ಷಗಟ್ಟಲೆ ಮೆರವಣಿಗೆ, ಧರಣಿ ಮಾಡಿದ ಮೇಲೆಯೇ ಸರ್ಕಾರ ಪರಿಹಾರಕ್ಕೆ ಒಪ್ಪಿತು. ಮಾವಶಿಗೆ ಈ ಸಂಗತಿ ಗೊತ್ತಿತ್ತು. ನಾವು ಕಾಗದ ಹರಡಿಕೊಂಡು ಕೂತದ್ದನ್ನು ನೋಡಿ, ಹಿರಡಾದ ಮರಕ್ಕೆ ಸರ್ಕಾರದಲ್ಲಿ ಹೆಸರಿಲ್ಲ ದಾದಾ ಎಂದು ಮರಾಠಿಯಲ್ಲಿ ಅಂದರು.

ಹೆದರಿಕೆ

ಹಣ ಸಿಗದಿರುವುದು ಒಂದು ತೊಂದರೆ. ಅದಕ್ಕಿಂತ ದೊಡ್ಡದು, ಅಡವಿ ಇದೆ ಎಂದು ಸರ್ಕಾರಕ್ಕೆ ತಾವಾಗಿ ಹೋಗಿ ಹೇಳಲು ಒಡೆಯರಿಗಿರುವ ಭಯ. ಈ ವಿಷಯದಲ್ಲಿ ತಂಗಿಯೇ ಎಲ್ಲರಿಗಿಂತ ಹೆಚ್ಚು ಹೆದರಿದ್ದಳು, ಅದಕ್ಕೆ ಕಾರಣವೂ ಇತ್ತು. 1975ರ ಮಹಾರಾಷ್ಟ್ರ ಖಾಸಗಿ ಅರಣ್ಯ ಸ್ವಾಧೀನ ಕಾಯ್ದೆ ಆ ವರ್ಷದ ಆಗಸ್ಟ್ 30ರಂದು ಖಾಸಗಿ ಅರಣ್ಯಗಳನ್ನು ಸರ್ಕಾರಕ್ಕೆ ಸೇರಿಸಿತು. ಖಾಸಗಿ ಕಾಡಿನಲ್ಲಿ ಕಡಿತ ತಡೆಯುವ ಅರಣ್ಯ ಕಾಯ್ದೆಯ 35ನೇ ಕಲಮಿನಡಿ ಹಿಂದೆಂದೋ ನೋಟಿಸು ಹೊರಟ ಜಮೀನುಗಳೂ ಇದರಲ್ಲಿ ಬರುತ್ತವೆ ಎಂದು ದಶಕಗಳ ನಂತರ ಸರ್ಕಾರ ಹೇಳಿದಾಗ, ಮುಲುಂಡಿನಲ್ಲಿ ಆಗಲೇ ಕಟ್ಟಡ ಎದ್ದು ಸಾವಿರಾರು ಸಂಸಾರ ವಾಸವಾಗಿತ್ತು. 2008ರಲ್ಲಿ ಹೈಕೋರ್ಟು ಸರ್ಕಾರದ ಪರ ಹೇಳಿತು. 2014ರ ಜನವರಿಯಲ್ಲಿ ಗೋದ್ರೆಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ಜನಕ್ಕೆ ನೆಮ್ಮದಿ ಕೊಟ್ಟಿತು. ನಡುವಿನ ವರ್ಷಗಳಲ್ಲಿ ಫ್ಲ್ಯಾಟು ಮಾರಲಾಗದೆ, ಅದರ ಮೇಲೆ ಸಾಲ ಸಿಗದೆ ಇದ್ದವರಲ್ಲಿ ತಂಗಿಯ ಪರಿಚಯದವರೂ ಇದ್ದರು. “ಖಾಸಗಿ ಅರಣ್ಯ ಅಂತ ಒಮ್ಮೆ ಬರೆಸಿದ್ವಿ ಅಂದ್ರ ಮುಗೀತು, ಕೋರ್ಟ್ ಮೆಟ್ಟಿಲಾನೇ” ಎನ್ನುವುದು ಅವಳ ಮಾತು. ನಾವು ಮೊದಲು ನೋಡಿದ್ದೂ ಸಾತ್‌ಬಾರಾದ ಇತರ ಹಕ್ಕುಗಳ ಅಂಕಣವನ್ನೇ. ಅಲ್ಲಿ ಅಂಥ ನಮೂದು ಇರಲಿಲ್ಲ.

ಗೋವಾದ ಅನುಭವವೂ ಜನರ ನೆನಪಿನಲ್ಲಿದೆ. ಸುಪ್ರೀಂ ಕೋರ್ಟಿನ 1996ರ ಡಿಸೆಂಬರ್ 12ರ ಗೋದಾವರ್ಮನ್ ಆದೇಶದ ಪ್ರಕಾರ ಒಡೆತನ ಯಾರದ್ದಾದರೂ ಕಾಡು ಕಾಡೇ. ಅದರಂತೆ ಗೋವಾ ಸಮಿತಿಗಳನ್ನು ಮಾಡಿ ಖಾಸಗಿ ಕಾಡುಗಳನ್ನು ಗುರುತಿಸಿತು. ಅಲ್ಲಿನ ಅಳತೆಗೋಲು: ಕನಿಷ್ಠ 5 ಹೆಕ್ಟೇರ್, ಶೇ. 40 ಹಂದರ, ಶೇ. 75 ಕಾಡುಜಾತಿಯ ಮರ. ಪಟ್ಟಿಗೆ ಸೇರಿದ ಜಮೀನು ಬೇರೆ ಕೆಲಸಕ್ಕೆ ಬಳಸಲು ಕೇಂದ್ರದ ಅನುಮತಿ ಬೇಕು, ಸೇರಿದ್ದಕ್ಕೆ ಬದಲಾಗಿ ಒಡೆಯನಿಗೆ ಏನೂ ಇಲ್ಲ. ಆ ಅಳತೆಗೋಲು ಮುಳಶಿಗೆ ಅನ್ವಯಿಸುವುದಿಲ್ಲ ಎಂದು ನಾನು ಹೇಳಿದರೂ ತಮ್ಮ ಕೇಳಿದ ಪ್ರಶ್ನೆ ನೇರವಾಗಿತ್ತು: “ಹಂಗಾದ್ರ ಹಂದರ ಕೂಡೂಕಿಂತ ಮೊದಲ ಕಡಿಯೋದ ಶಾಣ್ಯಾತನ ಅಲ್ಲೇನ್ರೀ?” ಅದೇ ನಡೆಯುತ್ತಿದೆ ಕೂಡ. ಗಿಡ ಎದೆಯೆತ್ತರ ಬಂದಾಗಲೇ ಸವರಿಬಿಡುವ ಒಡೆಯರು ಘಟ್ಟದುದ್ದಕ್ಕೂ ಇದ್ದಾರೆ. ಕಾಡನ್ನು ಉಳಿಸಲೆಂದು ಬಂದ ಆದೇಶದ ಭಯಕ್ಕೆ ಎಳೆಯ ಕಾಡು ಹುಟ್ಟುವ ಮೊದಲೇ ಹೋಗುತ್ತಿದೆ.

ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಯೂ ಇದೇ ದಾರಿ ಹಿಡಿದಿದೆ. 2024ರ ಜುಲೈ 31ರಂದು ಬಂದದ್ದು ಆರನೆಯ ಕರಡು. ಆರು ರಾಜ್ಯಗಳ 56,825 ಚದರ ಕಿಲೋಮೀಟರು, ಅದರಲ್ಲಿ ಮಹಾರಾಷ್ಟ್ರದ್ದು 17,340, ಕರ್ನಾಟಕದ್ದು 20,668. ಗಣಿ, ಕಲ್ಲುಕ್ವಾರಿ, ದೊಡ್ಡ ಕಟ್ಟಡ ಬೇಡ ಎಂದು ಅದು ಹೇಳುತ್ತದೆ, ಹೇಳಬೇಕಾದ್ದೇ. ಆದರೆ 2011ರ ಗಾಡ್ಗೀಳ್ ಸಮಿತಿಯ ವರದಿಯಲ್ಲಿ ನಿರ್ಬಂಧದ ಜೊತೆಗೆ ಇನ್ನೊಂದು ಭಾಗ ಇತ್ತು: ಖಾಸಗಿ ನೆಲದಲ್ಲಿ ಸಹಜ ಸಸ್ಯಸಂಪತ್ತನ್ನು ಕಾಪಾಡಿದವರಿಗೆ ಸಂರಕ್ಷಣಾ ಸೇವಾ ಶುಲ್ಕ ಕೊಡಿ ಎಂಬ ಸಲಹೆ. ವರದಿಯ ಬಗ್ಗೆ ಊರೂರಲ್ಲಿ ಜಗಳ ಆಯಿತು, ಆ ಸಲಹೆಯನ್ನು ಓದಿದವರೇ ಕಡಿಮೆ. ಘಟ್ಟದ ರೈತರಿಗೆ ನಿರ್ಬಂಧದ ಸುದ್ದಿ ಮುಟ್ಟಿತು, ಶುಲ್ಕದ ಸುದ್ದಿ ಮುಟ್ಟಲಿಲ್ಲ. ಆ ಸಲಹೆ ಮೊದಲು ಜಾರಿಯಾಗಿದ್ದರೆ ಜಗಳದ ಬಣ್ಣವೇ ಬೇರೆಯಾಗುತ್ತಿತ್ತು ಎಂದು ನನ್ನ ಖಚಿತ ಅಭಿಪ್ರಾಯ.

ಹಣ ಇಲ್ಲವೇ?

ಇದೆ. ಕೇಂದ್ರ ತೆರಿಗೆಯ ಪಾಲನ್ನು ರಾಜ್ಯಗಳಿಗೆ ಹಂಚುವಾಗ 14ನೇ ಹಣಕಾಸು ಆಯೋಗ ಕಾಡಿಗೆ ಶೇ. 7.5 ತೂಕ ಕೊಟ್ಟಿತು, 15ನೆಯದು ಅದನ್ನು ಶೇ. 10ಕ್ಕೆ ಏರಿಸಿತು. ಆ ಹಂಚಿಕೆಯಲ್ಲಿ ಯಾವ ರಾಜ್ಯದಲ್ಲಿ ದಟ್ಟ ಕಾಡು ಹೆಚ್ಚಿತ್ತೋ ಅದಕ್ಕೆ ಅಷ್ಟು ಹೆಚ್ಚು. ಕಾಡಿನ ಅಳತೆ ಬರುವುದು ಭಾರತೀಯ ಅರಣ್ಯ ಸರ್ವೇಕ್ಷಣೆಯ ಉಪಗ್ರಹ ಚಿತ್ರದಿಂದ. ಒಂದು ಹೆಕ್ಟೇರಿಗಿಂತ ದೊಡ್ಡದಾದ, ಶೇ. 10ಕ್ಕಿಂತ ಹೆಚ್ಚು ಹಂದರವಿರುವ ನೆಲವೆಲ್ಲ ಅದರ ಎಣಿಕೆಯಲ್ಲಿ ಬರುತ್ತದೆ, ಒಡೆಯ ಯಾರು ಎಂದು ಅದು ಕೇಳುವುದಿಲ್ಲ. ಹಂದರ ಶೇ. 40 ದಾಟಿದರೆ ದಟ್ಟ ಕಾಡಿನ ಲೆಕ್ಕ.

ಈ ಎರಡನ್ನೂ ಕೂಡಿಸಿ ನೋಡಿ. ರಾಯರ ಮನೆಯವರ ಎಂಟು ಎಕರೆ ಒಂದು ಹೆಕ್ಟೇರಿಗಿಂತ ದೊಡ್ಡದು, ಹಂದರ ಕೂಡಿದೆ. ಮಹಾರಾಷ್ಟ್ರದ ಕಾಡಿನ ಲೆಕ್ಕಕ್ಕೆ ಸೇರುವ ನೆಲ ಅದು, ಆ ಲೆಕ್ಕದ ಮೇಲೆಯೇ ರಾಜ್ಯಕ್ಕೆ ಪಾಲು ಬರುತ್ತದೆ. ಬಂದ ಹಣವನ್ನು ಕಾಡಿಗೇ ಖರ್ಚು ಮಾಡಬೇಕೆಂಬ ಕಟ್ಟಳೆ ಇಲ್ಲ. ಈ ಕಾಗದ ತೋರಿಸಿದಾಗ ರಾಯರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಹಂಗಾದ್ರ ಅಪ್ಪ ಬೆಳೆಸಿದ ಅಡವಿ ದಿಲ್ಲಿಯೊಳಗ ಕಾಣತದ, ತಲಾಠಿ ಕಚೇರಿಯೊಳಗ ಕಾಣಂಗಿಲ್ಲ” ಎಂದರು.

ಮನೆಯವರು ಮಾಡಿಕೊಂಡ ಕರಾರು

ಪುಣೆಯ ಅಪ್ಲೈಡ್ ಎನ್ವಿರಾನ್‌ಮೆಂಟಲ್ ರಿಸರ್ಚ್ ಫೌಂಡೇಶನ್ ಎಂಬ ಸಂಸ್ಥೆ ರತ್ನಾಗಿರಿ ಜಿಲ್ಲೆಯ ಸಂಗಮೇಶ್ವರ ಭಾಗದಲ್ಲಿ ಖಾಸಗಿ ಕಾಡಿನ ಒಡೆಯರ ಜೊತೆ ಸಂರಕ್ಷಣಾ ಕರಾರು ಮಾಡಿಕೊಂಡು, ಇಷ್ಟು ವರ್ಷ ಕಡಿಯುವುದಿಲ್ಲ ಎಂಬ ಮಾತಿಗೆ ಬದಲಾಗಿ ಹಣ ಕೊಡುವ ಕೆಲಸ ಮಾಡಿದೆ. ಹಾರ್ನ್‌ಬಿಲ್ ಗೂಡು ಮಾಡುವ ದೊಡ್ಡ ತಾರೆ ಮರಗಳನ್ನು ಉಳಿಸಿ, ಅವುಗಳ ಕಾಯಿಗೆ ಫೇರ್‌ವೈಲ್ಡ್ ಪ್ರಮಾಣಪತ್ರ ಮಾಡಿಸಿ ಒಳ್ಳೆಯ ಬೆಲೆ ಬರುವಂತೆಯೂ ಮಾಡಿದೆ. ಸರ್ಕಾರ ಹೊರಗಿದ್ದೇ ನಡೆದ ಈ ಏರ್ಪಾಡು ಮೂವರಿಗೂ ದಾರಿ ತೋರಿಸಿತು. ಸಂಸ್ಥೆ ಕೊಡುವ ಹಣವನ್ನು ಮನೆಯವರೇ ಒಬ್ಬರಿಗೊಬ್ಬರು ಕೊಟ್ಟುಕೊಂಡರೆ ಹೇಗೆ ಎಂದು ಕೇಳಿದವಳು ತಂಗಿ.

ಲಾವಣಿ ಎಂಬ ಪದ್ಧತಿ ಮೂವರಿಗೂ ಬಾಗಲಕೋಟೆಯಿಂದ ಗೊತ್ತಿದ್ದದ್ದೇ: ಹೊಲ ಇನ್ನೊಬ್ಬರಿಗೆ ಕೊಟ್ಟು ವರ್ಷಕ್ಕಿಷ್ಟು ಎಂದು ತೆಗೆದುಕೊಳ್ಳುವುದು. ಅದನ್ನೇ ಅಡವಿಗೆ ಹಾಕಿಕೊಂಡರು. ಎಂಟು ಎಕರೆಯನ್ನು ಪಾಲು ಮಾಡದೆ ಒಟ್ಟಾಗಿ ಇಡುವುದು. ಅದರಲ್ಲಿ ತಮ್ಮನ ಮೂರನೇ ಒಂದು ಭಾಗಕ್ಕೆ, ಆ ಊರಿನಲ್ಲಿ ಅಷ್ಟೇ ಗದ್ದೆಗೆ ನಡೆಯುವ ದರದಂತೆ, ಅಣ್ಣ ಮತ್ತು ಅಕ್ಕ ವರ್ಷವರ್ಷ ಲಾವಣಿ ಕೊಡುವುದು, ಹತ್ತು ವರ್ಷ. ಮೊದಲ ಐದು ವರ್ಷದ್ದು ಒಟ್ಟಿಗೇ ಮುಂಗಡ, ಏಕೆಂದರೆ ಮಗಳ ಫೀ ಕಟ್ಟಬೇಕಾದದ್ದು ಈಗ. ಕೆಳಗಿನ ಮೂರು ಎಕರೆ ಪಾಳು ಗದ್ದೆ ಪೂರ್ತಿ ತಮ್ಮನ ಹೆಸರಿಗೆ. ಅಲ್ಲಿ ಕೃಷಿ ಸಹಾಯಕರು ಹೇಳಿದ ಯೋಜನೆಯಲ್ಲೇ ಹಲಸು, ಕೋಕಮ್, ಮಾವು. ಅಡವಿಗೆ ಹೊಂದದ ಯೋಜನೆ ಬೋಳು ಗದ್ದೆಗೆ ಸರಿಯಾಗಿ ಹೊಂದಿತು. ಮಾವಶಿಯ ಪಗಾರ ಮತ್ತು ಜಾಳರೇಷೆಯ ಕೂಲಿ ರಾಯರ ಹೊಣೆ. ಯಾರಾದರೂ ತಮ್ಮ ಪಾಲು ಮಾರುವುದಾದರೆ ಮೊದಲು ಉಳಿದಿಬ್ಬರನ್ನು ಕೇಳಬೇಕು.

ಪ್ಲಾಟಿನವನ ಬೆಲೆಯ ಎದುರು ಈ ಲಾವಣಿ ಚಿಕ್ಕದು. ತಮ್ಮ ಒಪ್ಪಿದ್ದು ಅದು ಸಮವೆಂದಲ್ಲ, ತನ್ನ ಕಷ್ಟವನ್ನು ಯಾರೋ ಲೆಕ್ಕಕ್ಕೆ ಹಿಡಿದರು ಎಂದು. ಸರ್ಕಾರದ ಪ್ರೋತ್ಸಾಹಧನ ಕೂಡ ಸಾಮಾನ್ಯವಾಗಿ ಜಮೀನಿನ ಪೂರ್ತಿ ಬೆಲೆ ಕಟ್ಟಿಕೊಡುವುದಿಲ್ಲ. ಕೋಸ್ಟರಿಕಾ 1996ರ ಅರಣ್ಯ ಕಾಯ್ದೆಯಿಂದ ಇಂಧನ ತೆರಿಗೆಯ ಒಂದು ಭಾಗ ತೆಗೆದಿಟ್ಟು, ಕಾಡು ಉಳಿಸಿಕೊಂಡ ಒಡೆಯರಿಗೆ ಹೆಕ್ಟೇರಿಗೆ ಇಷ್ಟು ಎಂದು ಕೊಡುತ್ತಿದೆ, ನಿಂತ ಕಾಡಿಗೂ. ಅಮೆರಿಕದಲ್ಲಿ 1985ರಿಂದ ಮಣ್ಣು ಕೊಚ್ಚಿಹೋಗುವ ಹೊಲಗಳನ್ನು ಉಳದೆ ಹುಲ್ಲು, ಮರಕ್ಕೆ ಬಿಟ್ಟ ರೈತರಿಗೆ 10ರಿಂದ 15 ವರ್ಷದ ಕರಾರಿನ ಮೇಲೆ ಸರ್ಕಾರವೇ ವರ್ಷದ ಬಾಡಿಗೆ ಕೊಡುತ್ತದೆ. ನಮ್ಮ ಭಾಷೆಯಲ್ಲಿ ಅದೂ ಲಾವಣಿಯೇ.

ಮನೆಯ ಕರಾರಿನ ದುರ್ಬಲ ಜಾಗಗಳು ನನಗೆ ಕಾಣುತ್ತವೆ. ಅದು ಮೂವರ ನಡುವಿನ ಮಾತು, ಮುಂದಿನ ಪೀಳಿಗೆಯನ್ನು ಕಟ್ಟಿಹಾಕುವಷ್ಟು ಬಲ ಅದಕ್ಕಿಲ್ಲ. ನೆಲದ ಜೊತೆಗೇ ವಾರಸುದಾರರಿಗೆ ಸಾಗುವ ಸಂರಕ್ಷಣಾ ಕರಾರಿಗೆ ನಮ್ಮಲ್ಲಿ ಪ್ರತ್ಯೇಕ ಕಾನೂನಿಲ್ಲ. ರಾಯರ ಪಿಂಚಣಿ ಮತ್ತು ತಂಗಿಯ ಸಂಬಳ ಇಲ್ಲದ ಮನೆಯಲ್ಲಿ ಇದು ಆಗುತ್ತಲೂ ಇರಲಿಲ್ಲ. ಮಾವಶಿಯ ವಾಡಿಯವರಿಗೆ ಎರಡೆಕರೆ ಅಡವಿ ಇದ್ದಿದ್ದರೆ ಅವರಿಗೆ ಲಾವಣಿ ಕೊಡಲು ಅಣ್ಣ, ಅಕ್ಕ ಎಲ್ಲಿಂದ ಬರಬೇಕು? ಅದಕ್ಕೇ ಈ ಕೆಲಸ ಸರ್ಕಾರದ್ದು ಎಂದು ನಾನು ಒತ್ತಿ ಹೇಳುವುದು. ಮಾಡುವುದು ಅಸಾಧ್ಯವೇನೂ ಅಲ್ಲ. ಹಂದರ ಅಳೆಯುವ ಉಪಗ್ರಹ ಇದೆ, ರೈತರ ಖಾತೆಗೆ ನೇರ ಹಣ ಹಾಕುವ ವ್ಯವಸ್ಥೆ ಇದೆ, ಕಾಡಿನ ತೂಕದಿಂದ ರಾಜ್ಯಕ್ಕೆ ಬರುವ ಪಾಲು ಇದೆ. ಅದರಲ್ಲಿ ಒಂದಂಶ ಎತ್ತಿಟ್ಟು, ಪೋಟ್ ಖರಾಬದಲ್ಲಿ ನಿಂತ ಹಂದರಕ್ಕೆ ಹೆಕ್ಟೇರಿಗೆ ವರ್ಷಕ್ಕಿಷ್ಟು ಎಂದು ಕೊಡಲಿ. ಬೆಂಕಿ ಪಟ್ಟಿಯ ಕೂಲಿಯನ್ನು ಮೊದಲ ವರ್ಷದಿಂದಲೇ ಕೊಡಲಿ. ಎಲ್ಲಕ್ಕಿಂತ ಮುಖ್ಯವಾಗಿ, ಅರ್ಜಿ ಹಾಕಿದ ಕಾರಣಕ್ಕೆ ಜಮೀನಿನ ದರ್ಜೆ ಬದಲಾಗುವುದಿಲ್ಲ ಎಂದು ಬರಹದಲ್ಲಿ ಕೊಡಲಿ. ಈ ಕೊನೆಯದಿಲ್ಲದೆ ಎಷ್ಟು ಹಣ ಇಟ್ಟರೂ ಮುಲುಂಡು ನೋಡಿದವರು ಅರ್ಜಿ ಹಾಕುವುದಿಲ್ಲ.

ಕೆಳಗಿನ ಗದ್ದೆಯಲ್ಲಿ ಗುಂಡಿ ತೆಗೆದು ಸಸಿ ಇಟ್ಟಾಗಿದೆ. ಮೊದಲ ವರ್ಷದ ಶೇ. 80ರ ತಪಾಸಣೆ ಇನ್ನೂ ಆಗಬೇಕು. ಹಂದಿಗಳು ಬುಡ ಕೆದಕುತ್ತಿವೆ ಎಂದು ಮಾವಶಿ ಫೋನು ಮಾಡಿದ್ದರಿಂದ ತಮ್ಮ ಹುಬ್ಬಳ್ಳಿಯಿಂದ ಬಂದು ಬೇಲಿ ಹಾಕಿಸಿ ಹೋಗಿದ್ದಾನೆ. ಕರಾರಿನ ಕೊನೆಯ ಕಲಮು ಅವನ ಒತ್ತಾಯದಿಂದಲೇ ಸೇರಿದ್ದು. ಮುಂದೆ ಯಾವುದೇ ಸರ್ಕಾರ ನಿಂತ ಅಡವಿಗೆ ಹಣ ಕೊಡುವ ಯೋಜನೆ ತಂದರೆ ಮೂವರೂ ಸೇರಿ ಅರ್ಜಿ ಹಾಕತಕ್ಕದ್ದು. ಬಂದ ಹಣದಲ್ಲಿ ಮೊದಲು ಮಾವಶಿಯ ಪಗಾರ, ಆಮೇಲೆ ಅಣ್ಣ ಅಕ್ಕ ಕೊಟ್ಟ ಲಾವಣಿಯ ಮರುಪಾವತಿ, ಉಳಿದದ್ದು ಸಮಪಾಲು.